ಸಿಲೊವಾಮಿನ ಬುರುಜು, ಲಸಿಕೆಯ ಪೇಟೆಂಟ್

ಕೋವಿಡ್ ಯಾರ ಪಾಪಕ್ಕೆ ಬಂದ ದಂಡನೆ ಎಂದು ವಿವರಿಸಲು 2020ರಲ್ಲಿ ಕ್ರೈಸ್ತ ಬೋಧಕರು ಸಾಲುಗಟ್ಟಿ ನಿಂತರು. ಅಮೆರಿಕದ ಜಾನ್ ಪೈಪರ್ ಅವರಂಥ ಆಳವಾಗಿ ಓದಿಕೊಂಡ ಬೋಧಕರೇ ಆ ಏಪ್ರಿಲ್‌ನಲ್ಲಿ ಪುಟ್ಟ ಪುಸ್ತಕವೊಂದನ್ನು ಬರೆದು, ಕೆಲವರಿಗೆ ಈ ಸೋಂಕು ಅವರವರ ಪಾಪದ ತೀರ್ಪಾಗಿಯೇ ತಗಲುತ್ತದೆ ಎಂದರು. ಕ್ರಿಸ್ತನನ್ನು ನಂಬುವ ನಾನು ಈ ಮಾತನ್ನು ಒಪ್ಪಲಾರೆ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿಯ ಮಾತೆತ್ತುತ್ತಾನೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೇ ಎಂದು ಕೇಳಿ, ಅಲ್ಲವೆಂದು ತಾನೇ ಉತ್ತರಿಸುತ್ತಾನೆ. ಮನಸ್ಸು ತಿರುಗಿಸಿಕೊಳ್ಳಬೇಕಾದವರು ಸುದ್ದಿ ಕೇಳುತ್ತ ನಿಂತ ನೀವು ಎನ್ನುತ್ತಾನೆ. ಸತ್ತವರ ಪಾಪ ಹುಡುಕುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೇ?

ಇನ್ನೊಂದು ಗುಂಪು 91ನೇ ಕೀರ್ತನೆಯನ್ನು ಹಿಡಿದುಕೊಂಡಿತು. ವ್ಯಾಧಿ ಮನೆಯ ಹತ್ತಿರ ಸುಳಿಯದೆಂಬ ಭರವಸೆ ಅದರಲ್ಲಿದೆ. ಭಯದ ರಾತ್ರಿಗಳಲ್ಲಿ ಅದನ್ನು ಹೇಳಿಕೊಂಡವರ ಬಗ್ಗೆ ನನ್ನ ತಕರಾರಿಲ್ಲ, ಪ್ರಾರ್ಥನೆ ಅಂಥ ರಾತ್ರಿಗಳಿಗಾಗಿಯೇ ಇರುವುದು. ತಕರಾರಿರುವುದು ನಂಬಿಕೆಯಿದ್ದರೆ ಸೋಂಕು ತಗಲದೆಂದು ಜನರನ್ನು ಗುಂಪುಗೂಡಿಸಿದವರ ಬಗ್ಗೆ. ಫ್ಲೋರಿಡಾದ ಪಾಸ್ಟರ್ ರಾಡ್ನಿ ಹೊವಾರ್ಡ್-ಬ್ರೌನ್ ಸರ್ಕಾರದ ಆದೇಶ ಮೀರಿ ಆರಾಧನೆ ನಡೆಸಿ 2020ರ ಮಾರ್ಚ್ ಕೊನೆಯಲ್ಲಿ ಬಂಧನಕ್ಕೊಳಗಾದರು. ಆ ಕೀರ್ತನೆಯನ್ನು ಸುವಾರ್ತೆಯಲ್ಲಿ ಬಾಯಿಪಾಠ ಒಪ್ಪಿಸುವವನು ಯಾರೆಂದು ಇವರೆಲ್ಲ ಮರೆತರು. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎನ್ನುವ ಸೈತಾನ! ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂದನು.

1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ಜೊತೆ ಉಳಿದರು. ಮನೆಗೆ ಹೊಗೆ ಹಾಕಿ, ಔಷಧ ತೆಗೆದುಕೊಳ್ಳಿ, ಅಗತ್ಯವಿಲ್ಲದ ಕಡೆ ಹೋಗಬೇಡಿ ಎಂದು ಬರೆದವರೂ ಅವರೇ. ಔಷಧ ಬೇಡವೆನ್ನುವವರು ದೇವರನ್ನು ಪರೀಕ್ಷಿಸುತ್ತಿದ್ದಾರೆಂಬುದು ಅವರ ಖಚಿತ ಮಾತು. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದ ಇಗರ್ಜಿಯೂ ನಂಬಿಕೆ ಕಳೆದುಕೊಂಡಿರಲಿಲ್ಲ, ನೆರೆಯವರ ಪ್ರಾಣವನ್ನು ನೆನೆದಿತ್ತು.

ಬ್ರಿಟನ್ನಿನ ಬೈಬಲ್ ವಿದ್ವಾಂಸ ಎನ್.ಟಿ. ರೈಟ್ ಆ ದಿನಗಳಲ್ಲಿ ಬೇರೊಂದು ದಾರಿ ತೋರಿದರು: ಕ್ರೈಸ್ತ ಧರ್ಮದ ಬಳಿ ಈ ರೋಗಕ್ಕೆ ವಿವರಣೆಯಿಲ್ಲ, ಇರಬೇಕಾಗಿಯೂ ಇಲ್ಲ, ಇರುವುದು ಪ್ರಲಾಪ. ತಂದೆತಾಯಿಯ ಮುಖವನ್ನು ಕೊನೆಯದಾಗಿ ನೋಡಲಾಗದೆ ಮಣ್ಣಿಗೆ ಕೊಟ್ಟ ಮನೆಗಳಿಗೆ ಈ ಮಾತು ಬೇಕಿತ್ತು. ಆದರೂ ಅಲ್ಲಿಗೇ ನಿಂತರೆ ಸಾಲದು. ಅಳುವವರ ಜೊತೆ ಅತ್ತ ಮೇಲೆ, ಯಾರು ಏನನ್ನು ಬಚ್ಚಿಟ್ಟುಕೊಂಡಿದ್ದರಿಂದ ಅವರು ಅಳಬೇಕಾಯಿತು ಎಂದು ಕೇಳುವುದೂ ಪ್ರವಾದಿಗಳಿಂದ ನಮಗೆ ಬಂದ ಪಾಠವೇ. 2020ರ ಮಾರ್ಚ್ 27ರ ಸಂಜೆ ಮಳೆಯಲ್ಲಿ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದರ ಸಾರವೂ ಇದೇ. ಇದು ದೇವರು ತೀರ್ಪು ಕೊಡುವ ಕಾಲವಲ್ಲ, ಯಾವುದು ಮುಖ್ಯ ಯಾವುದು ಅಲ್ಲ ಎಂದು ನಾವು ತೀರ್ಮಾನಿಸಬೇಕಾದ ಕಾಲ.

ನಾವು ಏನು ತೀರ್ಮಾನಿಸಿದೆವು? ಕೋವಿಡ್ ಲಸಿಕೆ, ಔಷಧಗಳ ಪೇಟೆಂಟನ್ನು ತಾತ್ಕಾಲಿಕವಾಗಿ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರ್‌ನಲ್ಲಿ ವಿಶ್ವ ವ್ಯಾಪಾರ ಸಂಘಟನೆಯನ್ನು ಕೇಳಿದವು. ನೂರಕ್ಕೂ ಹೆಚ್ಚು ದೇಶಗಳು ಬೆಂಬಲಿಸಿದವು. 2021ರ ಮೇ ತಿಂಗಳಲ್ಲಿ, ನಮ್ಮ ಊರುಗಳಲ್ಲಿ ಆಮ್ಲಜನಕಕ್ಕಾಗಿ ಜನ ಅಲೆಯುತ್ತಿದ್ದಾಗ, ಅಮೆರಿಕ ಲಸಿಕೆಯ ಮಟ್ಟಿಗೆ ಒಪ್ಪಿತು. ಪೋಪ್ ಕೂಡ ಸಡಿಲಿಸಿ ಎಂದರು. ಜರ್ಮನಿ ಬೇಡವೆಂದಿತು. ಅದರ ಅಂದಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಲೂಥರನ್ ಪಾದ್ರಿಯೊಬ್ಬರ ಮಗಳು, ಅವರ ಪಕ್ಷದ ಹೆಸರಿನಲ್ಲೇ ಕ್ರೈಸ್ತ ಎಂಬ ಮಾತಿದೆ. ತೊಡಕಿರುವುದು ಪೇಟೆಂಟಿನಲ್ಲಲ್ಲ, ತಯಾರಿಕೆಯ ಸಾಮರ್ಥ್ಯದಲ್ಲಿ ಎಂಬುದು ಅವರ ವಾದ. ಕಚ್ಚಾವಸ್ತು, ಯಂತ್ರ, ಅನುಭವ ಎಲ್ಲವೂ ಬೇಕಿತ್ತು, ನಿಜ. ಹಾಗಿದ್ದರೆ ಅನುಭವವನ್ನೂ ಹಂಚಬಹುದಿತ್ತಲ್ಲ? ಕೇಪ್‌ಟೌನಿನ ಆಫ್ರಿಜೆನ್ ಸಂಸ್ಥೆಯ ವಿಜ್ಞಾನಿಗಳು ಮಾಡೆರ್ನಾ ಕಂಪನಿಯ ನೆರವಿಲ್ಲದೆ, ಬಹಿರಂಗವಾಗಿದ್ದ ಮಾಹಿತಿಯಿಂದಲೇ ಅದರ ಮಾದರಿಯ ಲಸಿಕೆಯನ್ನು 2022ರ ಆರಂಭದಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದರು. ಅಷ್ಟರಲ್ಲಿ ಶ್ರೀಮಂತ ದೇಶಗಳು ಮೂರನೇ ಡೋಸ್ ಕೊಡುತ್ತಿದ್ದವು, ಕಡುಬಡ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಮೊದಲ ಡೋಸ್ ಸಿಕ್ಕಿತ್ತು. 2022ರ ಜೂನ್‌ನಲ್ಲಿ ಬಂದ ವ್ಯಾಪಾರ ಸಂಘಟನೆಯ ತೀರ್ಮಾನ ಲಸಿಕೆಗೆ ಸೀಮಿತವಾಯಿತು, ಪರೀಕ್ಷಾ ಕಿಟ್ಟು, ಔಷಧಗಳು ಹೊರಗುಳಿದವು.

ಪಾಪ ಎಂಬ ಮಾತನ್ನು ಬೋಧಕರು ಬಳಸಬೇಕಾಗಿದ್ದುದು ಇಲ್ಲಿ. ರೋಗಿಯಾಗಿದ್ದೆ, ನೀವು ನನ್ನನ್ನು ನೋಡಲಿಲ್ಲ ಎಂದು ಅರಸನು ಕೊನೆಯ ದಿನ ಕೇಳುವನೆಂದು ಮತ್ತಾಯನಲ್ಲಿ ಓದುವ ನಾವು, ಆ ಪ್ರಶ್ನೆ ಮಂತ್ರಿಮಂಡಲಗಳಿಗೂ ಕಂಪನಿಗಳಿಗೂ ಅನ್ವಯಿಸುತ್ತದೆಂದು ಪುಲ್ಪಿಟ್‌ನಿಂದ ಹೇಳಿದ್ದು ಕಡಿಮೆ. ಈಗಲೂ ಸಮಯವಿದೆ. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಮಹಾಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ರೋಗಾಣುವಿನ ಮಾಹಿತಿ ಕೊಟ್ಟ ದೇಶಕ್ಕೆ ಅದರಿಂದ ತಯಾರಾದ ಲಸಿಕೆಯಲ್ಲಿ ಎಷ್ಟು ಪಾಲು ಎಂಬ ಮುಖ್ಯ ಭಾಗವನ್ನು ಮಾತ್ರ ಅನುಬಂಧಕ್ಕೆಂದು ಮುಂದೂಡಿತು. ಬರ್ಲಿನ್, ಲಂಡನ್, ಬರ್ನ್‌ಗಳ ಚರ್ಚುಗಳು ಆ ಪಾಲಿಗಾಗಿ ತಮ್ಮ ಸರ್ಕಾರಗಳ ಮೇಲೆ ಒತ್ತಡ ತರಲಿ. ನಮ್ಮ ಧರ್ಮಾಧ್ಯಕ್ಷರು, ಬಿಷಪ್ಪರು ಅಲ್ಲಿನ ಸಹೋದರ ಸಭೆಗಳಿಗೆ ಹಾಗೆಂದು ಪತ್ರ ಬರೆಯಲಿ.