ತಪ್ಪುಗಳ ಪಟ್ಟಿಯ ಆಚೆಗೆ: ಎರಡನೆಯ ಭಾಷೆಯ ಕಲಿಕೆ ಮತ್ತು ನಮ್ಮ ಸಂಶೋಧನೆ

ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವವರನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ. ತರಗತಿಯೊಂದಕ್ಕೆ ಒಮ್ಮೆ ಪರೀಕ್ಷೆ ಕೊಡುವುದು, ತಪ್ಪುಗಳನ್ನು ಪಟ್ಟಿ ಮಾಡುವುದು, ಅವಕ್ಕೆ ‘ಮಾತೃಭಾಷೆಯ ಪ್ರಭಾವ’ವೆಂಬ ಕಾರಣ ಕೊಡುವುದು, ಇಷ್ಟಕ್ಕೆ ಅಧ್ಯಯನ ಮುಗಿಯುತ್ತದೆ. ಕಲಿಯುವವರಿಗೆ ಏನು ಬಾರದು ಎಂಬುದನ್ನು ಈ ವಿಧಾನ ಹೇಳುತ್ತದೆಯೇ ಹೊರತು, ಬಂದದ್ದು ಹೇಗೆ ಬಂತು ಎಂಬುದನ್ನು ಹೇಳುವುದಿಲ್ಲ.

ತಪ್ಪುಗಳು ಕಲಿಕೆಯ ಕ್ರಮವನ್ನು ತೋರುವ ಸಾಕ್ಷ್ಯಗಳೆಂದು ಪಿಟ್ ಕಾರ್ಡರ್ 1967ರಲ್ಲಿಯೇ ವಾದಿಸಿದ್ದರು. ಕಲಿಯುವವರ ಭಾಷೆಗೆ ತನ್ನದೇ ಆದ ವ್ಯವಸ್ಥೆಯಿದೆಯೆಂದು 1972ರಲ್ಲಿ ಪ್ರತಿಪಾದಿಸಿದ ಲ್ಯಾರಿ ಸೆಲಿಂಕರ್ ಅವರ ‘ಅಂತರಭಾಷೆ’ಯ ಪರಿಕಲ್ಪನೆಯೂ ನಮಗೆ ಹೊಸದಲ್ಲ. ಆದರೆ ಈ ವಿಚಾರಗಳು ಪಾಠದಲ್ಲಿ ಉಳಿದಷ್ಟು ಕ್ಷೇತ್ರಕಾರ್ಯಕ್ಕೆ ಇಳಿದಿಲ್ಲ.

ಒಂದು ನಿದರ್ಶನವನ್ನು ನೋಡಬಹುದು. ಉರ್ದು, ಹಿಂದಿ ಮನೆಮಾತಿನವರ ಕನ್ನಡವೆಂದು ನಾಟಕ, ಸಿನಿಮಾಗಳು ನಗೆಗೀಡುಮಾಡುವ ರೂಪಗಳಲ್ಲಿ ‘ನಾನು ಬಂತು’, ‘ಅವರು ಹೋಯಿತು’ ಎಂಬಂಥವು ಮುಖ್ಯವಾದವು. ಇವನ್ನು ಮನೆಮಾತಿನ ನೇರ ಅನುಕರಣೆ ಎನ್ನಲಾಗದು. ಹಿಂದಿ, ಉರ್ದುಗಳ ಕ್ರಿಯಾಪದಗಳೂ ಲಿಂಗ, ವಚನಗಳಿಗೆ ಅನುಗುಣವಾಗಿ ಬದಲಾಗುತ್ತವೆ. ಕನ್ನಡದ ಹಲವು ಆಖ್ಯಾತ ಪ್ರತ್ಯಯಗಳ ನಡುವೆ ನಪುಂಸಕ ಏಕವಚನ ರೂಪವೊಂದನ್ನೇ ಎಲ್ಲ ಕರ್ತೃಪದಗಳಿಗೂ ಹೊಂದಿಸಿಕೊಂಡ ಸರಳೀಕರಣವಿದು. ‘ನನಗೆ ಹಸಿವಾಗಿದೆ’ ಎಂಬ ವಾಕ್ಯದ ಸ್ಥಿತಿ ಬೇರೆ. ಅನುಭವಿಸುವವರನ್ನು ಚತುರ್ಥಿಯಲ್ಲಿ ಹೇಳುವ ಕ್ರಮ ಹಿಂದಿಯಲ್ಲಿಯೂ ಇರುವುದರಿಂದ ಅಲ್ಲಿ ಮನೆಮಾತು ನೆರವಿಗೆ ಬರುತ್ತದೆ. ಸರಿಯಾದುದನ್ನು ದಾಖಲಿಸದ ತಪ್ಪುಗಳ ಪಟ್ಟಿಗೆ ಈ ನೆರವು ಕಾಣುವುದೇ ಇಲ್ಲ.

‘ಎರಡನೆಯ’, ‘ಮೂರನೆಯ’ ಎಂಬ ಎಣಿಕೆಯೂ ಪರಿಶೀಲನೆಗೆ ಒಳಗಾಗಬೇಕು. ಕಲಬುರಗಿಯ ಉರ್ದು ಮಾಧ್ಯಮದ ಮಗುವಿಗೆ ಶಾಲೆಯ ಪ್ರಥಮ ಭಾಷೆ ಉರ್ದು, ಮನೆಯಲ್ಲಿ ಆಡುವುದು ದಖ್ಖನಿ, ಬೀದಿಯಲ್ಲಿ ಕನ್ನಡ. ಕರಾವಳಿಯ ತುಳು ಮಗುವಿಗೆ ಕನ್ನಡ ಬಹುಪಾಲು ಶಾಲೆಯ ಮೂಲಕವೇ ದೊರೆಯುವುದರಿಂದ ಅದರ ಕನ್ನಡ ಬರಹಕ್ಕೆ ಹತ್ತಿರವಾಗಿರುತ್ತದೆ. ವೇಳಾಪಟ್ಟಿಯ ಕ್ರಮಾಂಕ ಈ ಎರಡು ಬಗೆಯ ಕಲಿಕೆಗಳ ಅಂತರವನ್ನು ಹೇಳಲಾರದು. ಭಾಷೆಗಳು ಕಲಿಯುವವರಲ್ಲಿ ಬೇರೆಬೇರೆಯಾಗಿ ಕುಳಿತಿರುವುದೂ ಇಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ಪದಕೋಶ ಪ್ರತ್ಯೇಕವಾಗಿ ಉಳಿದಿದ್ದರೂ ವಾಕ್ಯರಚನೆ ಬಹಳ ಸಮೀಪ ಬಂದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಅಂದರೆ ಕಲಿತ ಭಾಷೆ ಮೊದಲ ಭಾಷೆಯನ್ನೂ ಬದಲಿಸಬಲ್ಲುದು.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ರಾಜ್ಯ 2015ರಲ್ಲಿ ಕಾನೂನು ಮಾಡಿತು. ಮನೆಯಲ್ಲಿ ಕನ್ನಡವಾಡದ ಮಕ್ಕಳಿಗೆ ಯಾವ ರೂಪವನ್ನು ಮೊದಲು, ಯಾವುದನ್ನು ಆಮೇಲೆ ಕಲಿಸಬೇಕು? ಯಾವ ತಪ್ಪು ತಾನಾಗಿಯೇ ಕಳಚುತ್ತದೆ, ಯಾವುದು ನಿಂತುಬಿಡುತ್ತದೆ? ಇದಕ್ಕೆ ಉತ್ತರವಿಲ್ಲದೆ ಪಠ್ಯ ರಚಿಸಿದರೆ, ಕಲಿಕೆಯ ಸಹಜ ಹಂತವೊಂದನ್ನು ಮಗುವಿನ ದಡ್ಡತನವೆಂದು ಎಣಿಸಿ ಅಂಕ ಕಳೆದಂತಾಗುತ್ತದೆ.

ಆದ್ದರಿಂದ ನೂರು ಮಕ್ಕಳಿಗೆ ಒಮ್ಮೆ ಪ್ರಶ್ನಾವಳಿ ಹಂಚುವುದಕ್ಕಿಂತ, ಹತ್ತು ಮಕ್ಕಳ ಮಾತನ್ನು ಪೋಷಕರ ಒಪ್ಪಿಗೆ ಪಡೆದು ಎರಡು ವರ್ಷ ಧ್ವನಿಮುದ್ರಿಸಿ ವಿಶ್ಲೇಷಿಸುವುದು ಹೆಚ್ಚು ಫಲಕಾರಿ. ಮಾತು ಆಟದ ಬಯಲಿನದೂ ಆಗಿರಬೇಕು, ತರಗತಿಯದೂ ಆಗಿರಬೇಕು. ಒಬ್ಬ ಸಂಶೋಧಕನ ಅವಧಿಗೆ ಇದು ಭಾರವೆನಿಸಿದರೆ ವಿಭಾಗವೇ ಸಾಮಗ್ರಿಯನ್ನು ಸಂಗ್ರಹಿಸಿಟ್ಟು ಮುಂದಿನವರಿಗೆ ಒದಗಿಸಬಹುದು. ಕನ್ನಡದ ವ್ಯಾಕರಣವನ್ನು ಅದರ ಒಡೆಯರಿಂದ ಮಾತ್ರವಲ್ಲದೆ, ಹೊಸದಾಗಿ ಅದರೊಳಕ್ಕೆ ಬರುತ್ತಿರುವವರಿಂದಲೂ ನಾವು ತಿಳಿಯಬೇಕಾಗಿದೆ.