ಸಂದೇಶ ಕಳಿಸಿದರೆ ಸಾಲದು, ತಲುಪಬೇಕು



ಬಿತ್ತಿದ ಬೀಜ ಮೊಳೆಯದಿದ್ದರೆ ಬೀಜ, ತೇವ, ಬಿತ್ತಿದ ಆಳ ಇವನ್ನು ಒಂದೊಂದಾಗಿ ಪರೀಕ್ಷಿಸುತ್ತೇವೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ಜಾಲತಾಣದಲ್ಲಿ ಇ-ಕೆವೈಸಿ ಮಾಡುವಾಗ ಓಟಿಪಿ ಬಾರದಿದ್ದರೂ ಹಾಗೆಯೇ ಮಾಡತಕ್ಕದ್ದು.

ಓಟಿಪಿಯು ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಬರುತ್ತದೆ. ಆ ಸಂಖ್ಯೆ ಪಟ್ಟಣದಲ್ಲಿರುವ ಮಗನದಾಗಿರಬಹುದು. ಇಲ್ಲವೆ ಹಣ ತುಂಬದೆ ನಿಂತುಹೋಗಿರಬಹುದು. ನಿಂತುಹೋದ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಲು ಅವಕಾಶವಿದೆ. ಆದ್ದರಿಂದ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆಯನ್ನು ಸರಿಪಡಿಸಿಕೊಳ್ಳಿರಿ. ಸಂಖ್ಯೆ ಸರಿಯಿದ್ದರೆ, ಸಿಗ್ನಲ್ ಸಿಗುವ ಕಡೆ ನಿಂತು ಪ್ರಯತ್ನಿಸಿರಿ. ಎರಡು ಮೂರು ಸಲ ಕೇಳಿದ್ದಲ್ಲಿ ಕೊನೆಗೆ ಬಂದ ಅಂಕಿಗಳನ್ನೇ ನಮೂದಿಸಿರಿ. ದೂರವಾಣಿಯಲ್ಲಿ ಯಾರೇ ಕೇಳಿದರೂ ಓಟಿಪಿ ಹೇಳಬೇಡಿರಿ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟೂ ಇ-ಕೆವೈಸಿ ಮಾಡಿಸಬಹುದು. ಗೇಯ್ಮೆಯಿಂದ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ, 2023ರಲ್ಲಿ ಯೋಜನೆಯ ಮೊಬೈಲ್ ಆ್ಯಪ್‌ಗೆ ಸೇರಿಸಿದ ಮುಖ ಗುರುತಿನ ವಿಧಾನವಿದೆ.

ಆದರೆ ಹೊಣೆಯೆಲ್ಲ ರೈತನದೇ ಎಂಬ ಮಾತನ್ನು ನಾನು ಒಪ್ಪಲಾರೆ. ಇ-ಕೆವೈಸಿ ಆಗದಿದ್ದರೆ 2,000 ರೂಪಾಯಿಗಳ ಕಂತು ನಿಲ್ಲುತ್ತದೆ. ಗೊಬ್ಬರ ತರುವ ಹೊತ್ತಿಗೆ ಅದು ಸಣ್ಣ ಮೊತ್ತವಲ್ಲ. "ಸಂದೇಶ ಕಳಿಸಿದ್ದೇವೆ" ಎಂದ ಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ. ಬಾಕಿ ಇರುವವರ ಹೆಸರುಗಳನ್ನು ಕಂತಿಗೆ ಮೊದಲೇ ರೈತ ಸಂಪರ್ಕ ಕೇಂದ್ರ ಮತ್ತು ಗ್ರಾಮ ಪಂಚಾಯಿತಿಯ ಫಲಕಗಳಲ್ಲಿ ಹಚ್ಚಬೇಕು. ಇದನ್ನು ಗ್ರಾಮಸಭೆಯಲ್ಲಿ ತಾವು ಕೇಳಿರಿ.

ಮೊಳೆಯದ ಕಡೆ ಮತ್ತೆ ಬೀಜ ಊರುವುದು ಬಿತ್ತಿದವನ ಕೆಲಸವೇ ಅಲ್ಲವೇ?