ದಾರಿ ಹೇಳುವವರು ಊರಿನ ಹತ್ತಿರವೇ ಇರಲಿ

ಹಾಸನ ಜಿಲ್ಲೆಯ ಬಿಸಿಲೆ ಸೀಮೆಯ ಬಡ ರೋಗಿಗೆ ಕಾಗದದ ಮೇಲೆ ಹಕ್ಕಿನ ಕೊರತೆಯಿಲ್ಲ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಸಿಕ್ಕಿತು. ಕೊರತೆಯಿರುವುದು ದಾರಿ ಹೇಳುವವರದು. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಈ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಒಂದು ಹಾಳೆಯಿಲ್ಲದೆ ಘಾಟಿ ಇಳಿದು ಮಂಗಳೂರಿಗೋ, ಹಾಸನ ದಾಟಿ ಮೈಸೂರಿಗೋ ಹೋದವರು ರೇಷನ್ ಕಾರ್ಡು, ಆಧಾರ್, ಹಳೆಯ ಸ್ಕ್ಯಾನಿಂಗ್ ವರದಿ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಕೌಂಟರಿನೆದುರು ನಿಲ್ಲುತ್ತಾರೆ. ಸಾಲ ಮಾಡಿ ದುಡ್ಡು ಕಟ್ಟಬೇಕು, ಇಲ್ಲವೇ ವಾಪಸ್ ಬರಬೇಕು. ಬಸ್ ಚಾರ್ಜಿನ ಜೊತೆಗೆ ಇಬ್ಬರ ತೋಟದ ಕೂಲಿಯೂ ಹೋಯಿತು.

ದಾರಿ ಹೇಳಲು ಯೋಜನೆಯದೇ ಸಿಬ್ಬಂದಿಯಾದ ಆರೋಗ್ಯಮಿತ್ರರಿದ್ದಾರಲ್ಲ ಎನ್ನಬಹುದು. ಇದ್ದಾರೆ, ಆದರೆ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ; ಅಂದರೆ ತಪ್ಪುದಾರಿ ಹಿಡಿದು ಮುಗಿದ ಮೇಲೆ. ಆಶಾ ಕಾರ್ಯಕರ್ತೆಯರಿಗೆ ಬಾಣಂತಿ, ಲಸಿಕೆ, ಸಮೀಕ್ಷೆಗಳ ಹೊರೆಯೇ ಸಾಕಷ್ಟಿದೆ. ಅಲ್ಪ ಗೌರವಧನದ ಮೇಲೆ ದಾರಿ ಹೇಳುವ ಕೆಲಸವನ್ನೂ ಹೇರುವುದು ಅನ್ಯಾಯ. 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು ನಿಜ, ಆದರೆ ಚೀಲದೊಳಗಿನ ಯಾವ ಕಾಗದ ಮುಖ್ಯ ಎಂದು ಫೋನಿನಲ್ಲಿ ನೋಡಲಾಗದು, ಕಾಡಿನ ನಡುವೆ ಸಿಗ್ನಲ್ಲೂ ಎಲ್ಲೆಡೆ ಸಿಗುವುದಿಲ್ಲ. ಆದ್ದರಿಂದ ನಮ್ಮ ಸೀಮೆಯ ಹೆತ್ತೂರು ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಸಂತೆಯ ದಿನವಾದರೂ, ಸಂಬಳದ ಆರೋಗ್ಯಮಿತ್ರರೊಬ್ಬರು ಬರಲಿ. ಚೀಟಿ ಬರೆಸಿಕೊಡಲಿ, ಹೋಗಬೇಕಾದ ಆಸ್ಪತ್ರೆಯವರ ಜೊತೆ ಮೊದಲೇ ಮಾತಾಡಲಿ, ವಾಪಸ್ ಬಂದವರ ಮಾತ್ರೆ ವಿಚಾರಿಸಲಿ. ಖರ್ಚು ಹೆಚ್ಚೆನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಹೃದಯದ ಆಪರೇಷನ್ನಿಗೆ ಹಣ ಕೊಡುವ ಸರ್ಕಾರಕ್ಕೆ ರೋಗಿಯನ್ನು ಆ ಟೇಬಲ್ಲಿನವರೆಗೆ ಮುಟ್ಟಿಸುವವರ ಸಂಬಳ ಭಾರವೇ?